ಇಂದು ನಗದು, ನಾಳೆ ದೆವ್ವ

ನಮ್ಮಕ್ಕನ ಮಗ ಈಗ ಹದಿನೇಳರ ಸಾಹುಕಾರ. ಭಾವನಿಗೆ ಮಂಡಿನೋವು, ಹಾಗಾಗಿ ರಜೆಯಿಡೀ ದಿನಸಿ ಅಂಗಡಿಯ ಗಲ್ಲಾ ಅವನದೇ. ಮೊನ್ನೆ ಹೋದರೆ ಕಿವಿಯ ಹತ್ತಿರ ಬಂದು, "ಮಾಮ, ಹೊಸದಾಗಿ ಸೇರಿರೋ ಹುಡುಗ ಮನುಷ್ಯ ಅಲ್ಲ ಅನ್ಸುತ್ತೆ" ಎಂದ.

"ಯಾಕೋ?"

"ಆರಕ್ಕೆ ಬಾ ಅಂದ್ರೆ ಆರಕ್ಕೇ ಬರ್ತಾನೆ. ಫೋನ್ ಮುಟ್ಟಲ್ಲ. ಕಡ್ಲೆಬೀಜದ ಚೀಲದ ಪಕ್ಕದಲ್ಲೇ ನಿಂತಿದ್ರೂ ಒಂದು ಕಾಳು ಬಾಯಿಗೆ ಹಾಕ್ಕೊಳಲ್ಲ."

ಕೊನೆಯದನ್ನು ಕೇಳಿ ನನಗೂ ಅನುಮಾನ ಬಂತು. ನಾನು ಬಂದು ಹತ್ತು ನಿಮಿಷವಾಗಿತ್ತಷ್ಟೆ, ಎರಡನೇ ಹಿಡಿ ಮುಗಿಯುತ್ತಿತ್ತು.

ತಪ್ಪು ಅಳಿಯನದಲ್ಲ, ರಾತ್ರಿಯೆಲ್ಲ ನೋಡುವ ಜಪಾನಿ ಅನಿಮೆಯದು. ಸತೋಶಿ ವಾಗಹರ 2011ರಲ್ಲಿ ಶುರುಮಾಡಿದ ಕಾದಂಬರಿ ಸರಣಿ 'ಹತರಕು ಮಾವೊ-ಸಮ', 2013ರಲ್ಲಿ ತೆರೆಗೆ ಬಂತು. ಬೇರೆ ಲೋಕದ ರಾಕ್ಷಸರಾಜ ಯುದ್ಧ ಸೋತು ಟೋಕಿಯೋಗೆ ಬಂದು ಬೀಳುತ್ತಾನೆ. ಮಾಯಾಶಕ್ತಿ ಹೋಯಿತು, ಹಸಿವು ಬಂತು. ಹತಗಾಯದ ಬರ್ಗರ್ ಅಂಗಡಿಯಲ್ಲಿ ಅರೆಕಾಲಿಕ ಕೆಲಸಕ್ಕೆ ಸೇರುತ್ತಾನೆ. ಲೋಕ ಗೆಲ್ಲುವುದು ಆಮೇಲೆ, ಮೊದಲು ಪರ್ಮನೆಂಟ್ ಆಗಬೇಕು! (ನಮ್ಮ ಅತಿಥಿ ಉಪನ್ಯಾಸಕರು ನೋಡಿದರೆ ಅತ್ತುಬಿಡುತ್ತಾರೆ.) ಜೊತೆಯಲ್ಲಿ ದುಡಿಯುವ ಹೈಸ್ಕೂಲ್ ಹುಡುಗಿ ಚಿಹೊ, ಇವನು ಯಾರೆಂದು ಗೊತ್ತಾದ ಮೇಲೂ ಇವನ ಕಡೆಯೇ.

"ದೆವ್ವದ ಪಾದ ಹಿಂದುಮುಂದು ಇರುತ್ತೆ, ನೋಡ್ದೆಯಾ?"

"ನೆಟ್ಟಗಿದೆ."

"ಕಬ್ಬಿಣಕ್ಕೆ ಹೆದರುತ್ತೆ."

"ಐದು ಕೆಜಿ ತೂಕದ ಕಲ್ಲು ಕೊಡು ಅಂದೆ. ಕೊಟ್ಟು, ಅಡೀಲಿ ಅಂಟಿದ್ದ ಬೆಲ್ಲಾನೂ ಒರೆಸಿಟ್ಟ."

ಪತ್ತೇದಾರಿಕೆಯ ನಡುವೆಯೇ ಸ್ನೇಹ ಬಲಿತಿತ್ತು. ಆ ಹುಡುಗ ಹಳೇ ಪೇಪರ್ ಸುರುಳಿ ಸುತ್ತಿ, ಸಾಸಿವೆ ಸುರಿದು, ಬಾಯಿ ಮಡಚಿ, ಮೇಲಿಂದ ಇಳಿಬಿದ್ದ ದಾರ ಎಳೆದು ಎರಡು ಸುತ್ತು ಹಾಕಿ ಪಟಕ್ಕನೆ ಕಿತ್ತ. ನಮ್ಮ ಸಾಹುಕಾರರು ಕಟ್ಟಿದ ಪೊಟ್ಟಣವೋ, ಗಿರಾಕಿ ಬೀದಿ ತಿರುಗುವುದರೊಳಗೆ ಚೀಲದಲ್ಲೇ ಬಿಚ್ಚಿಕೊಳ್ಳುತ್ತಿತ್ತಂತೆ. ಈಗ ದಿನಾ ಪಾಠ. ಮಧ್ಯಾಹ್ನ ಅಕ್ಕನ ಡಬ್ಬಿ ಬಿಚ್ಚಿದಾಗ, ಚಿತ್ರಾನ್ನದ ಕಡ್ಲೆಬೀಜವನ್ನೆಲ್ಲ ಆರಿಸಿ ಅವನ ಪಾಲಿಗೆ ಹಾಕುತ್ತಿದ್ದ ಅಳಿಯ. ಹುಡುಗ ಒಂದೂ ಬಿಡದೆ ತಿಂದ.

ಗಲ್ಲಾದ ಮೇಲೆ 'ಇಂದು ನಗದು, ನಾಳೆ ಉದ್ರಿ' ಬೋರ್ಡು. 1990ರ ದಶಕದಲ್ಲಿ ಬೆಂಗಳೂರಿನವರು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದೂ ಇದೇ ಲೆಕ್ಕಾಚಾರದಲ್ಲಿ. ರಾತ್ರಿ ಮನೆಯವರದೇ ದನಿಯಲ್ಲಿ ಕೂಗುವ ದೆವ್ವ ಅದನ್ನೋದಿ ವಾಪಸ್ಸು. ಮರುದಿನ ಬಂದರೆ ಮತ್ತದೇ ನಾಳೆ. ಸಾಲ ಕೇಳುವವರಿಗೂ ದೆವ್ವಕ್ಕೂ ಒಂದೇ ಮಂತ್ರ ಹುಡುಕಿಕೊಂಡವರು ನಾವು. ದೆವ್ವವಾದರೂ ಮಾತು ಕೇಳುತ್ತದೆ, ಉದ್ರಿ ಗಿರಾಕಿ ಬೋರ್ಡಿಗೇ ಒರಗಿ ನಿಲ್ಲುತ್ತಾನೆ.

ರಾತ್ರಿ ಷಟರ್ ಎಳೆಯುತ್ತ ಅಳಿಯ ಬೀದಿಗೆ ಕೇಳುವಂತೆ ಕೂಗಿದ: "ನಾಳೆ ಬಾರೋ!"

ನನಗೆ ನಗು ತಡೆಯಲಿಲ್ಲ.

"ಬಂದೇ ಬರ್ತಾನೆ ಮಾಮ, ದಿನಾ ಬರ್ತಾನೆ."

"ಅದೂ ದಿನಾ ಬರ್ತಿತ್ತಂತೆ ಕಣೋ" ಎಂದೆ.