ಸತ್ತ ರಾಜನಿಗೂ ಒನ್ಸ್ ಮೋರ್

ದತ್ತ ಜಯಂತಿ ಹತ್ತಿರ ಬಂತೆಂದರೆ ನಮ್ಮ ಗಾಣಗಾಪುರದ ಓಣಿಗಳಲ್ಲಿ ಕನ್ನಡ ಸ್ವಲ್ಪ ಸರಿದು ಕೂತು ಮರಾಠಿಗೆ ಜಾಗ ಕೊಡುತ್ತದೆ. ಅದೇನು ಹೊಸದಲ್ಲ ಬಿಡ್ರಿ. ಪುಣೆ, ಸಾಂಗಲಿ, ಸೊಲ್ಲಾಪುರದವರು ಗಾಣಗಾಪುರ ರೋಡ್ ಸ್ಟೇಶನ್ನಿನಲ್ಲಿ ಇಳಿದು, ಊರು ಬಂದೇ ಬಿಟ್ಟಿತು ಅಂತ ಕೈ ಮುಗಿದು, ಊರಿಗೆ ಇನ್ನೂ ಸುಮಾರು 20 ಕಿಲೋಮೀಟರ್ ಇದೆ ಅಂತ ತಿಳಿದಾಗ ಮುಖ ಸಣ್ಣದು ಮಾಡಿಕೊಳ್ಳುವುದು ವರ್ಷಾ ನಡೆಯುವ ಸಂಗತಿ. ಬಂದವರು ಸಂಗಮದಲ್ಲಿ ಮುಳುಗುತ್ತಾರೆ, ಮಧುಕರಿ ಬೇಡುತ್ತಾರೆ, ಗುರುಚರಿತ್ರೆ ಓದುತ್ತಾರೆ. ಎಲ್ಲಾ ಮುಗಿದು ಕಟ್ಟೆಯ ಮೇಲೆ ಕೂತರೋ, ಅಧ್ಯಾತ್ಮ ಹೋಗಿ ನಾಟ್ಯಸಂಗೀತ ಶುರು. ‘ಕಟ್ಯಾರ್ ಕಾಳಜಾತ ಘುಸಲೀ’ ನಾಟಕ ಚಲೋನೋ, ಸಿನೆಮಾ ಚಲೋನೋ? ಈ ವಾದಕ್ಕೆ ಅವರೊಳಗೆ ಹೊಡೆದಾಟ ಆಗೋದೊಂದೇ ಬಾಕಿ. ನಿಮ್ಮ ಅಂಗಳಕ್ಕೂ ಕೇಳಿಸಿರಬೇಕಲ್ಲ ವೈನಿ?

ಕಟ್ಯಾರ್ ನಿಮಗೆ ಗೊತ್ತೇ ಇದೆ. 1967ರ ನಾಟಕ, ಪುರುಷೋತ್ತಮ ದಾರ್ವೇಕರ್ ಬರೆದದ್ದು, ಜಿತೇಂದ್ರ ಅಭಿಷೇಕಿ ರಾಗ ಹಾಕಿದ್ದು, ಖಾನ್‌ಸಾಹೇಬನಾಗಿ ವಸಂತರಾವ್ ದೇಶಪಾಂಡೆ. 2015ರಲ್ಲಿ ಸುಬೋಧ್ ಭಾವೆ ಸಿನೆಮಾ ಮಾಡಿದರು. ಎರಡು ಘರಾನೆಗಳ ಜಗಳ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಆ ಕಠಾರಿಯ ಕರಾರೇ ತಲೆಯಲ್ಲಿ ಕೂತುಬಿಟ್ಟಿದೆ. ಆಸ್ಥಾನ ಗಾಯಕನಿಗೆ ರಾಜ ಕಠಾರಿ ಕೊಡುತ್ತಾನೆ, ಅದರ ಜೊತೆಗೆ ಒಂದು ಕೊಲೆ ಮಾಫ್! ಶಾಲು ಕೊಡಲಿ, ಜಮೀನು ಕೊಡಲಿ, ಒಪ್ಪೋಣ. ಹಾಡುವವನಿಗೆ ಕೊಲೆಯ ಪರವಾನಿಗಿ ಯಾಕ್ರೀ? ನಮ್ಮ ಭಜನಿ ಮಂಡಳಿಯಲ್ಲಿ ತಾಳ ತಪ್ಪಿಸುವವರನ್ನು ನೆನೆಸಿಕೊಂಡಾಗ ಮಾತ್ರ ಆ ರಾಜನ ವಿಚಾರ ಪೂರ್ತಿ ತಪ್ಪಲ್ಲ ಅನ್ನಿಸುತ್ತದೆ.

ಆ ಸಿನೆಮಾದಲ್ಲಿ ಇನ್ನೊಂದು ಗಮ್ಮತ್ತು ನೋಡಿದಿರೇನು? ಖಾನ್‌ಸಾಹೇಬನ ಮುಖ ಸಚಿನ್ ಪಿಳಗಾಂವಕರ್ ಅವರದು. ಗಂಟಲು ಬಹುಮಟ್ಟಿಗೆ ರಾಹುಲ್ ದೇಶಪಾಂಡೆಯವರದು. ಈ ರಾಹುಲ್ ಯಾರು? ಅದೇ ವಸಂತರಾವ್ ಅವರ ಮೊಮ್ಮಗ. ಅಜ್ಜ ರಂಗದ ಮೇಲೆ ಬಣ್ಣ ಹಚ್ಚಿ ತಾನೇ ನಿಂತು ಹಾಡಿದ ಪಾರ್ಟಿಗೆ ಮೊಮ್ಮಗ ಪರದೆಯ ಹಿಂದಿನಿಂದ ಹಾಡಿದ. ನಾಟಕಕ್ಕೂ ಸಿನೆಮಾಕ್ಕೂ ಇರುವ ಫರಕು ನನ್ನ ಮಟ್ಟಿಗೆ ಇಷ್ಟೇ. ನಾಟಕದಲ್ಲಿ ಮುಖ ಯಾರದೋ ಗಂಟಲೂ ಅವರದೇ. ಸಿನೆಮಾದಲ್ಲಿ ಎರಡಕ್ಕೂ ಬ್ಯಾರೆ ಬ್ಯಾರೆ ಸಂಸಾರ.

ಅಂದಹಾಗೆ, ನಾಟ್ಯಸಂಗೀತ ಅಂದರೆ ತಮ್ಮದೇ ಆಸ್ತಿ ಎನ್ನುವ ಹಾಗೆ ನಮ್ಮ ಅತಿಥಿಗಳು ಮಾತಾಡುತ್ತಾರಲ್ಲ, ಆಗ ನಾನು ಸುಮ್ಮನೆ ಒಂದು ಕಡ್ಡಿ ಗೀರುತ್ತೇನೆ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ಶ್ರೀಕಾರ ಹಾಕಿದರಲ್ಲ, ಅದಕ್ಕೆ ಸ್ಫೂರ್ತಿ ಎಲ್ಲಿಂದ ಬಂತು? ನಮ್ಮ ಉತ್ತರ ಕನ್ನಡದ ಕರ್ಕಿಯಿಂದ ಹೋಗಿದ್ದ ಭಾಗವತರ ಆಟದಿಂದ. ಅದೇ 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಒಂದು ಕೂಸು ಹುಟ್ಟಿತು. ಆ ಕೂಸೇ ಅಣ್ಣಾಸಾಹೇಬ ಕಿರ್ಲೋಸ್ಕರ್. 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿ ಸಂಗೀತ ನಾಟಕಕ್ಕೆ ದಾರಿ ಹಾಕಿದವರು. ಮುಂದೆ ಕುಂದಗೋಳದ ಸವಾಯಿ ಗಂಧರ್ವರು ಸೀರೆ ಉಟ್ಟು ಮರಾಠಿ ನಾಟಕಗಳಲ್ಲಿ ಹಾಡಿದರು. ಇಷ್ಟು ಹೇಳುವಷ್ಟರಲ್ಲಿ ಸಾಂಗಲಿಯವರು ಚಹಾ ತರಿಸಿ ಮಾತು ಬದಲಿಸುತ್ತಾರೆ. ನನಗೂ ಬೇಕಾಗಿದ್ದು ಚಹಾನೇ.

ಸೀರೆ ಅಂದಕೂಡಲೇ ಬಾಲಗಂಧರ್ವರು ಬಂದರು ನೋಡಿ. ಸ್ತ್ರೀ ಪಾರ್ಟಿನಲ್ಲಿ ಅವರು ನಿಂತರೆ ಮನೆಯ ಹೆಣ್ಣುಮಕ್ಕಳು ಅವರ ಸೀರೆ, ಒಡವೆ, ಮುಡಿ ನೋಡಿ ಕಲಿಯುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಅಂಥವರನ್ನು 1935ರಲ್ಲಿ ಶಾಂತಾರಾಮರು ‘ಧರ್ಮಾತ್ಮಾ’ ಸಿನೆಮಾಕ್ಕೆ ಕರೆತಂದು ಸಂತ ಏಕನಾಥನ ಪಾರ್ಟು ಕೊಟ್ಟರು. ಗಂಡಸನ್ನು ಗಂಡಸಾಗಿ ತೋರಿಸಿದ್ದೇ ಜನರಿಗೆ ವಿಚಿತ್ರ ಅನ್ನಿಸಿತಂತೆ! ಆಮೇಲೆ ಬಾಬೂರಾವ್ ಪೇಂಟರ್ ಅವರಿಂದ 1937ರಲ್ಲಿ ‘ಸಾಧ್ವಿ ಮೀರಾಬಾಯಿ’ ಬಂತು. ಬಾಲಗಂಧರ್ವರ ಕಂಪನಿಯ ‘ಅಮೃತಸಿದ್ಧಿ’ ನಾಟಕವೇ ಸಿನೆಮಾ ಆದದ್ದು. ಅದರಲ್ಲಿ ಮತ್ತೆ ಸೀರೆ. ಆಗ ಅವರಿಗೆ 50ರ ಸಮೀಪ. ಟೆಂಟಿನ ಹಿಂದಿನ ಸಾಲಿನಿಂದ ಹದಿನಾರರ ಚೆಲುವೆಯಾಗಿ ಕಂಡವರನ್ನು ಕ್ಯಾಮೆರಾ ಮೂಗಿನ ಹತ್ತಿರ ಹೋಗಿ ನೋಡಿತು. ಕ್ಯಾಮೆರಾಕ್ಕೆ ಮರ್ಯಾದೆ ಕಡಿಮೆ, ಅಲ್ಲೇನ್ರಿ? ಮುಂದೆ ಅವರ ಕಂಪನಿ ಸೇರಿ ನಾಯಕಿ ಪಾರ್ಟು ಮಾಡಿದವರು ನಮ್ಮ ಬೀಳಗಿಯ ಗೋಹರಬಾಯಿ ಕರ್ನಾಟಕಿ, ಹಿಂದಿ ಸಿನೆಮಾದಲ್ಲಿ ಹಾಡಿದ ಅಮೀರಬಾಯಿಯ ಅಕ್ಕತಂಗಿ. ಒಂದೇ ಮನೆಯ ಒಬ್ಬಾಕೆ ರಂಗಕ್ಕೆ, ಒಬ್ಬಾಕೆ ಪರದೆಗೆ.

ಬಾಲಗಂಧರ್ವರ ‘ಕಾನ್ಹೋಪಾತ್ರಾ’ ನಾಟಕವನ್ನು ನಾವು ಭೀಮಾತೀರದವರು ಬಿಟ್ಟುಕೊಡಬಾರದು. 1931ರ ನಾಟಕ, ಅದೇ ಸಂತಳ ಕಥೆಯ ಮೇಲೆ 1937ರಲ್ಲಿ ಭಾಲ್ಜಿ ಪೆಂಢಾರಕರ್ ಅವರ ಸಿನೆಮಾನೂ ಬಂತು. ಮಂಗಳವೇಢೆಯ ಹುಡುಗಿಗೆ ಬೀದರಿನ ಬಾದಶಹ ಕಣ್ಣು ಹಾಕುತ್ತಾನೆ, ಆಕೆ ಪಂಢರಪುರಕ್ಕೆ ಓಡಿ ವಿಠಲನ ಪಾದದಲ್ಲಿ ಪ್ರಾಣ ಬಿಡುತ್ತಾಳೆ. ಅಲ್ಲಿ ಚಂದ್ರಭಾಗೆ ಅನ್ನಿಸಿಕೊಂಡ ನೀರೇ ಕೆಳಗೆ ಹರಿದು ಬಂದು ನಮ್ಮೂರಲ್ಲಿ ಅಮರಜೆಯ ಕೈ ಹಿಡಿಯುತ್ತದೆ. ವಿಚಿತ್ರ ಏನೆಂದರೆ, ಗುರುಚರಿತ್ರೆಯಲ್ಲೂ ಬೀದರಿನ ಬಾದಶಹ ಬರುತ್ತಾನೆ. ಹುಣ್ಣಿನ ಬ್ಯಾನಿ ತಡೆಯಲಾರದೆ ನರಸಿಂಹ ಸರಸ್ವತಿಗಳ ಹತ್ತಿರ ಓಡಿ ಬಂದು ಭಕ್ತನಾಗುತ್ತಾನೆ. ಹೊಳೆಯ ಮೇಲ್ಗಡೆ ಖಳನಾಯಕ, ಕೆಳಗಡೆ ಭಕ್ತ! ಅವನೇ ಇವನೋ, ಹೆಸರಿಗಷ್ಟೇ ಬಾದಶಹನೋ, ಅದನ್ನು ಕೆದಕಿದರೆ ನಾಟಕ ಕೆಡುತ್ತದೆ.

ಮಂಗಳವೇಢೆ ಅಂದರೆ ಬಿಜ್ಜಳನ ಊರಲ್ಲವೇ? 1959ರ ‘ಜಗಜ್ಯೋತಿ ಬಸವೇಶ್ವರ’ ಸಿನೆಮಾದಲ್ಲಿ ಬಸವಣ್ಣ ಹೊನ್ನಪ್ಪ ಭಾಗವತರ್, ಬಿಜ್ಜಳ ಯಾರು ಹೇಳಿ? ರಾಜಕುಮಾರ್! ನಮ್ಮ ಕಡೆ ಅದೇ ಹೆಸರಿನ ನಾಟಕ ಅಂದರೆ ಏಣಗಿ ಬಾಳಪ್ಪನವರು. ಅವರು ಬಸವಣ್ಣನಾಗಿ ರಂಗಕ್ಕೆ ಬಂದರೆ ಕೂತವರು ಎದ್ದು ಕೈಮುಗಿಯುತ್ತಿದ್ದರು ಅಂತ ನಮ್ಮ ಅಪ್ಪ ಹೇಳುತ್ತಿದ್ದ. ಸಿನೆಮಾ ಪರದೆಗೆ ಕೈ ಮುಗಿಯುವವರೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಆದರೆ ಪರದೆಯ ಮೇಲಿನ ಬಸವಣ್ಣ ತಿರುಗಿ ಕೈ ಮುಗಿಯೋದಿಲ್ಲವಲ್ಲ.

ಈ ತಿರುಗಿ ಮುಗಿಯುವ ವ್ಯವಹಾರಕ್ಕೆ ಕಂಪನಿ ನಾಟಕದಲ್ಲಿ ಇದ್ದ ಹೆಸರು ‘ಒನ್ಸ್ ಮೋರ್’. ಪೇಟಿ ಮಾಸ್ತರ ಸುರ ಹಿಡಿದ, ನಟ ಹಾಡಿದ, ನೆಲದ ಗಿರಾಕಿಗಳು ಒನ್ಸ್ ಮೋರ್ ಅಂತ ಕೂಗಿದರು ಅಂದರೆ ಕಥೆ ಅಲ್ಲೇ ನಿಲ್ಲಬೇಕು. ಆಗಷ್ಟೇ ಬಾಣ ತಗಲಿ ಸತ್ತ ರಾಜ ಎದ್ದು, ಕಿರೀಟ ಸರಿ ಮಾಡಿಕೊಂಡು, ಅದೇ ಹಾಡು ಹಾಡಿ, ಮತ್ತೆ ಅದೇ ಜಾಗ ಹುಡುಕಿಕೊಂಡು ಬಿದ್ದು ಸಾಯುತ್ತಿದ್ದ. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ‘ಹಾಡಿದ್ದೇ ಹಾಡೋ ಕಿಸಬಾಯಿದಾಸ’ ಅಂತ ಮನೆಯಲ್ಲಿ ಬೈಯುವ ಜನವೇ ಟೆಂಟಿನಲ್ಲಿ ಕೂತು ಹಾಡಿದ್ದನ್ನೇ ಹಾಡು ಅಂತ ಹಟ ಹಿಡಿಯುತ್ತಿದ್ದರು.

ಸಿನೆಮಾ ಬಂದಾಗಲೂ ಮೊದಮೊದಲು ಅಲ್ಲಿಗೆ ಹೋದವರು ನಾಟಕದವರೇ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ 1934ರದು. ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾಯರು, ಮಾತು, ಹಾಡು ಬೆಳ್ಳಾವೆ ನರಹರಿ ಶಾಸ್ತ್ರಿಗಳದು, ಎಲ್ಲರೂ ನಾಟಕದ ಮಂದಿ. ಶೂಟಿಂಗ್ ಎಲ್ಲಿ? ಕೊಲ್ಹಾಪುರದಲ್ಲಿ! ಕನ್ನಡ ಮಾತಾಡುವುದನ್ನು ನಮ್ಮ ಸಿನೆಮಾ ಮರಾಠಿ ಊರಲ್ಲಿ ಕಲಿಯಿತು. ಕರ್ಕಿಯ ಸಾಲ ಹಾಗೆ ತೀರಿತು ಅನ್ನೋಣ.

ಮರುವರ್ಷ ಗುಬ್ಬಿ ವೀರಣ್ಣನವರ ‘ಸದಾರಮೆ’ ಸಿನೆಮಾ ಆಯಿತು. ನಾಟಕದಲ್ಲಿ ವೀರಣ್ಣನವರ ಕಳ್ಳನ ಪಾರ್ಟು ನೋಡಲಿಕ್ಕೆ ಜನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಆ ಕಳ್ಳ ದಿನಕ್ಕೊಂದು ಮಾತು ಹೊಸೆಯುತ್ತಿದ್ದ. ಊರಿನ ಗೌಡನ ಮೀಸೆ, ಎದುರಿಗೆ ಕೂತ ಸಾಹೇಬನ ಟೊಪ್ಪಿಗೆ, ಯಾವುದನ್ನೂ ಬಿಡುತ್ತಿರಲಿಲ್ಲ. ಸಿನೆಮಾದಲ್ಲಿ ಕಳ್ಳ ಸಿಕ್ಕಿಬಿದ್ದ. ಒಮ್ಮೆ ಅಂದ ಮಾತನ್ನೇ ಎಲ್ಲಾ ಊರಲ್ಲೂ ಅನ್ನಬೇಕಾಯಿತು. ಇದೇ ವೀರಣ್ಣನವರು ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆ, ಕುದುರೆ ರಂಗಕ್ಕೆ ತಂದವರು. ಅವು ರಂಗದ ಮೇಲೆ ಮಾಡಬಾರದ್ದು ಮಾಡಿದರೆ ಬಾಚುವವರು ಕೌರವರೋ ಪಾಂಡವರೋ, ಇದನ್ನು ಯಾವ ರಂಗ ಇತಿಹಾಸದವರೂ ಬರೆದಿಟ್ಟಂತಿಲ್ಲ.

ಗುಬ್ಬಿ ಕಂಪನಿಯಲ್ಲೇ ಬೆಳೆದ ಮುತ್ತುರಾಜ ಎಂಬ ಹುಡುಗ 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ರಾಜಕುಮಾರ್ ಆದದ್ದು ಎಲ್ಲರಿಗೂ ಬಾಯಿಪಾಠ. ಆ ಕಥೆಯೂ ಕಂಪನಿ ನಾಟಕದ್ದೇ. ಆದರೆ ಇಲ್ಲೊಂದು ಮಜಾ ಇದೆ, ವೈನಿ. ರಂಗದ ಮೇಲೆ ಪೇಟಿಗೆ ಸರಿಯಾಗಿ ಹಾಡುತ್ತಿದ್ದ ಆ ಮನುಷ್ಯನಿಗೆ ಸಿನೆಮಾ ಬೇರೆಯವರ ದನಿ ಕೊಟ್ಟಿತು. ಪಿ.ಬಿ. ಶ್ರೀನಿವಾಸ್ ಹಾಡಿದರು, ಎಷ್ಟು ಚಂದ ಹಾಡಿದರೆಂದರೆ ಅದೇ ರಾಜಕುಮಾರರ ದನಿ ಅಂತ ನಾವೆಲ್ಲ ನಂಬಿದ್ದೆವು. ‘ಓಹಿಲೇಶ್ವರ’ದಲ್ಲಿ, ‘ಮಹಿಷಾಸುರ ಮರ್ದಿನಿ’ಯಲ್ಲಿ ಒಂದೊಂದು ಹಾಡು ಸ್ವಂತ ಹಾಡಿದ್ದು ಬಿಟ್ಟರೆ ಸುಮಾರು 20 ವರ್ಷ ಆ ಗಂಟಲು ಸಿನೆಮಾದಲ್ಲಿ ಬರೀ ಮಾತಿಗೆ ಮೀಸಲು.

ಆ ಬೀಗ ತೆಗೆದದ್ದು ಯಾರು? ನಮ್ಮ ಕಡೆಯ ನಾಟಕ! ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿ ಬರೆದ ‘ಸಂಪತ್ತಿಗೆ ಸವಾಲ್’. ಕಂಪನಿಗಳು ಜಾತ್ರೆ ಜಾತ್ರೆಗೆ ಮುಕ್ಕಾಂ ಹಾಕಿ ಆಡಿದ ಈ ನಾಟಕವನ್ನು ಎ.ವಿ. ಶೇಷಗಿರಿರಾಯರು 1974ರಲ್ಲಿ ಸಿನೆಮಾ ಮಾಡಿದರು. ಮಂಜುಳಾ ಅವರ ಆ ಸೊಕ್ಕು ಮರೆಯೋದುಂಟೇ? ಅದರಲ್ಲಿ ಎಮ್ಮೆಯ ಮೇಲೆ ಕೂತು ಹಾಡುವ ಹಾಡು, ಸಾಲು ಹೇಳುವುದೇ ಬೇಡ, ಎಮ್ಮೆ ಅಂದರೆ ಸಾಕು. ಆ ದಿನ ಶ್ರೀನಿವಾಸರು ಸಿಗಲಿಲ್ಲ, ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಹಟ ಮಾಡಿ ರಾಜಕುಮಾರರಿಂದಲೇ ಹಾಡಿಸಿದರು ಅಂತ ಹೇಳುತ್ತಾರೆ. ಅಲ್ಲಿಂದ ಮುಂದೆ ಅವರ ಹಾಡು ಅವರೇ ಹಾಡಿದರು. ರಂಗ ಕೊಟ್ಟ ದನಿಯನ್ನು ಸಿನೆಮಾ ಪೆಟ್ಟಿಗೆಯಲ್ಲಿ ಇಟ್ಟಿತ್ತು, ಕೀಲಿ ಸಿಕ್ಕಿದ್ದು ಮತ್ತೆ ನಾಟಕದ ಕಥೆಯಲ್ಲೇ. ಇದಕ್ಕೇ ಅನ್ನೋದು, ತವರಿನವರು ಮಗಳನ್ನು ಬಿಟ್ಟುಕೊಡೋದಿಲ್ಲ ಅಂತ. ಆದರೆ ಎಮ್ಮೆಗೆ ಪ್ರಶಸ್ತಿ ಯಾಕೆ ಕೊಡಲಿಲ್ಲವೋ! ಅಷ್ಟು ಹೊತ್ತು ಹಾಡು ಕೇಳಿಯೂ ತಲೆ ಅಲ್ಲಾಡಿಸದೆ ನಡೆದದ್ದು ಸಣ್ಣ ಮಾತೇ?

ಸಾಗರದಾಚೆಯೂ ಇದೇ ರಾಮಾಯಣ. ‘ಮೈ ಫೇರ್ ಲೇಡಿ’ 1956ರಲ್ಲಿ ರಂಗಕ್ಕೆ ಬಂದಾಗ ಹೂ ಮಾರುವ ಹುಡುಗಿಯಾಗಿ ಹಾಡಿ ಗೆದ್ದವಳು ಜೂಲಿ ಆ್ಯಂಡ್ರ್ಯೂಸ್. 1964ರಲ್ಲಿ ಸಿನೆಮಾ ಆದಾಗ ಪಾರ್ಟು ಹೋದದ್ದು ಆಡ್ರಿ ಹೆಪ್‌ಬರ್ನ್‌ಗೆ. ಹಾಡುಗಳಿಗೆ ದನಿ ಮಾರ್ನಿ ನಿಕ್ಸನ್ ಎಂಬಾಕೆಯದು. ಜೂಲಿ ಏನು ಮಾಡಿದಳು? ಅದೇ ವರ್ಷ ‘ಮೇರಿ ಪಾಪಿನ್ಸ್’ ಸಿನೆಮಾದಲ್ಲಿ ತಾನೇ ಹಾಡಿ, ಆ ಸಲದ ಆಸ್ಕರ್ ಎತ್ತಿಕೊಂಡು ಹೋದಳು. ಜಾಣೆ!

‘ಫಿಡ್ಲರ್ ಆನ್ ದ ರೂಫ್’ ಕೂಡ ಹಾಗೇ. 1964ರಲ್ಲಿ ರಂಗ, 1971ರಲ್ಲಿ ಸಿನೆಮಾ. ಆಮೇಲೆ ಜಯಂತ ಕಾಯ್ಕಿಣಿಯವರ ‘ಜೊತೆಗಿರುವನು ಚಂದಿರ’ದಲ್ಲಿ ಕನ್ನಡಕ್ಕೂ ಬಂತು. ಎಲ್ಲೋ ರಷ್ಯಾದ ಹಳ್ಳಿಯ ಹಾಲು ಮಾರುವ ಯಹೂದಿ, ಇಲ್ಲಿ ನಮ್ಮ ನೆಲದ ಬಡೇಮಿಯಾ ಆದ. ಹೆಣ್ಣುಮಕ್ಕಳ ಮದುವೆಯ ಚಿಂತೆ ಇದ್ದ ಅಪ್ಪ ಯಾವ ದೇಶದಲ್ಲಿ ಹುಟ್ಟಿದರೇನು, ನಮ್ಮ ಆಳಂದ, ಜೇವರ್ಗಿಯ ಸಂತೆಯಲ್ಲಿ ನಿಲ್ಲಿಸಿದರೆ ಗುರುತು ಸಿಗುತ್ತದೆ, ಹೌದಿಲ್ಲೋ?

ಕಾರ್ನಾಡರ ‘ನಾಗಮಂಡಲ’ದ ಮಾತು ಬಾರದೆ ಹರಟೆ ಮುಗಿಯೋದಿಲ್ಲ. ನಾಗಾಭರಣ ಅದನ್ನು 1997ರಲ್ಲಿ ಸಿನೆಮಾ ಮಾಡಿದರು, ಅಶ್ವತ್ಥರ ಸಂಗೀತದಲ್ಲಿ. ಸಿನೆಮಾದ ಹಾಡುಗಳು ಮನೆಮನೆಯಲ್ಲಿವೆ. ನನಗೆ ಮಾತ್ರ ನಾಟಕದ ಆರಂಭವೇ ಹೆಚ್ಚು ಇಷ್ಟ. ರಾತ್ರಿ ಮನೆಯವರು ದೀಪ ಆರಿಸಿದ ಮೇಲೆ ಊರಿನ ದೀಪದ ಜ್ವಾಲೆಗಳೆಲ್ಲ ಪಾಳು ಗುಡಿಗೆ ಬಂದು, ತಂತಮ್ಮ ಮನೆಯ ಗುಟ್ಟು ಹಂಚಿಕೊಳ್ಳುತ್ತಾ ಕೂರುತ್ತವೆ. ಹರಟೆ ಹೊಡೆಯುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವ ನಾಟಕಕಾರ ಕೊಟ್ಟಿದ್ದಾರೆ? ನಮ್ಮಿಬ್ಬರ ಮನೆಯ ದೀಪಗಳು ಅಲ್ಲಿಗೆ ಹೋದರೆ ಏನೇನು ಹೇಳುತ್ತವೋ, ಬಲ್ಬು ಬಂದದ್ದು ಒಳ್ಳೆಯದೇ ಆಯಿತು.

ಈಗ 2025ರಲ್ಲಿ ‘ಸಂಗೀತ ಮಾನಾಪಮಾನ’ವೂ ಸಿನೆಮಾ ಆಯಿತು, ಖಾಡಿಲಕರರ 1911ರ ನಾಟಕ. ನನ್ನ ಮೊಮ್ಮಗ ಮೊಬೈಲಿನಲ್ಲಿ ಹಾಕಿ ಕೊಟ್ಟು, ಬೇಕಾದ ಹಾಡು ಬೆರಳಿನಿಂದ ಹಿಂದಕ್ಕೆ ಎಳೆದು ಎಷ್ಟು ಸಲ ಬೇಕಾದರೂ ಕೇಳು, ಇದೇ ನಿನ್ನ ಒನ್ಸ್ ಮೋರ್ ಅಂದ. ಕೇಳಿದೆ. ಚಲೋನೇ ಇದೆ. ಆದರೆ ಹಾಡಿದವನಿಗೆ ನಾನು ಕೇಳಿದ್ದು ಗೊತ್ತೇ ಆಗಲಿಲ್ಲವಲ್ಲ! ಟೆಂಟಿನಲ್ಲಿ ನಾವು ಕೂಗಿದಾಗ ಆ ನಟನ ಮುಖದಲ್ಲಿ ಒಂದು ಹಿಗ್ಗು ಬರುತ್ತಿತ್ತು. ಎರಡನೇ ಸಲ ಹಾಡುವಾಗ ಮೊದಲ ಸಲ ಇಲ್ಲದ ಒಂದು ಆಲಾಪ ಸೇರುತ್ತಿತ್ತು. ಅದು ನಮ್ಮ ಕೂಗಿಗೆ ಅವನು ಕೊಟ್ಟ ಚಿಲ್ಲರೆ. ಬೆರಳಿನಿಂದ ಎಳೆದರೆ ಕೊಟ್ಟಷ್ಟೇ ವಾಪಸ್ ಬರುತ್ತದೆ, ಒಂದು ಪೈಸೆ ಹೆಚ್ಚಿಲ್ಲ.

ಹಾಗಂತ ಸಿನೆಮಾ ಬೇಡ ಅಂತಲ್ಲ. ಬಾಲಗಂಧರ್ವರ ಪ್ಲೇಟು, ರಾಜಕುಮಾರರ ಹಾಡು ಉಳಿದದ್ದು ಯಂತ್ರದಿಂದಲೇ. ನನ್ನ ಪಟ್ಟಿ ಕೇಳಿದರೆ, ಕೇಳಲಿಕ್ಕೆ ಕಟ್ಯಾರ್ ಸಿನೆಮಾ, ನೋಡಲಿಕ್ಕೆ ಎಮ್ಮೆ ಸಮೇತ ಸಂಪತ್ತಿಗೆ ಸವಾಲ್, ಓದಲಿಕ್ಕೆ ನಾಗಮಂಡಲ. ಕೂಗಲಿಕ್ಕೆ ಮಾತ್ರ ನಾಟಕವೇ ಬೇಕು. ಈ ಸಲ ಯಾವುದಾದರೂ ಕಂಪನಿ ನಮ್ಮ ಕಡೆ ಮುಕ್ಕಾಂ ಹಾಕಿದರೆ ಮುಂದಿನ ಖುರ್ಚಿ ಹಿಡೀರಿ ವೈನಿ, ಒನ್ಸ್ ಮೋರ್ ಕೂಗೋ ಕೆಲಸ ನಂದು. ಸೀಟಿ ಮಾತ್ರ ನೀವೇ ಹೊಡೀಬೇಕಾಗ್ತದ. ನನ್ನ ಮುಂದಿನ ಹಲ್ಲು ಎರಡೂ ಬಿದ್ದಾವ ನೋಡ್ರಿ.