ಅಡ್ಡಿ ಅದೆ!

ಮಗಳ ಮದುವೆಯನ್ನು ಸರಳವಾಗಿ ಮಾಡುತ್ತೇನೆ ಎಂದು ಹೊರಟವನಿಗೆ ಮೊಟ್ಟಮೊದಲು ಬೇಕಾಗುವುದು ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಅದ್ದೂರಿ ಮದುವೆಗೆ ಇಷ್ಟು ಬರವಣಿಗೆ ಇಲ್ಲ; ಬಂದವರಿಗೆಲ್ಲ ಎಲೆ ಹಾಕಿದರಾಯಿತು. ಸರಳ ಮದುವೆಯಲ್ಲಿ ಹಾಗಲ್ಲ. ಯಾರನ್ನು ಕರೆಯುವುದಿಲ್ಲ, ಯಾಕೆ ಕರೆಯುವುದಿಲ್ಲ, ಕರೆಯದಿದ್ದರೆ ಅವರು ಏನನ್ನುತ್ತಾರೆ, ಅಂದರೆ ನಾವು ಏನನ್ನಬೇಕು ಎಲ್ಲವನ್ನೂ ಬರೆದಿಡಬೇಕು. ನಾನು ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಕೆಂಪು ಇಂಕಿನಲ್ಲಿ ಹೆಸರು ಹೊಡೆದುಹಾಕುವುದು ನನಗೆ ಅಭ್ಯಾಸದ ಕೆಲಸ, ಸುಳ್ಳೇಕೆ ಹೇಳಲಿ, ಖುಷಿಯ ಕೆಲಸವೂ ಹೌದು. ಆರುನೂರು ಹೆಸರು ಹೊಡೆದು ಹೊಡೆದು ನೂರಿಪ್ಪತ್ತಕ್ಕೆ ಬಂದಾಗ ನನಗೆ ಆದ ಆನಂದವನ್ನು ನೋಡಿ ಮನೆಯವಳು, "ಇನ್ನೊಂದು ಸ್ವಲ್ಪ ಹೊಡೀರಿ, ಗಂಡನ್ನೂ ತೆಗೆದ್ರೆ ಇನ್ನೂ ಸರಳ ಆಗುತ್ತೆ" ಅಂದಳು.

ನಮ್ಮದು ಕನಕಪುರ ಸೀಮೆ. ಹಾರೋಬೆಲೆ ಅಂದರೆ ಈಗ ಎಲ್ಲರಿಗೂ ಗೊತ್ತು. 2019ರ ಕ್ರಿಸ್‌ಮಸ್ ದಿನ ಕಪಾಲಬೆಟ್ಟದಲ್ಲಿ 114 ಅಡಿಯ ಯೇಸುಸ್ವಾಮಿ ಪ್ರತಿಮೆಗೆ ಶಂಕುಸ್ಥಾಪನೆಯಾಗಿ, ಆಮೇಲೆ ಗಲಾಟೆಯಾಗಿ, ಟೀವಿಯವರೆಲ್ಲ ಈ ಕಡೆಯ ದಾರಿ ಕಲಿತುಕೊಂಡರು. ಆ ದಿನಗಳಲ್ಲಿ ಮೈಕು ಹಿಡಿದ ಹುಡುಗನೊಬ್ಬ ನಮ್ಮೂರ ಕೊನೇ ಬೀದಿ ಅಜ್ಜಿಯನ್ನು, "ನೀವೆಲ್ಲ ಇಲ್ಲಿಗೆ ಯಾವಾಗ ಬಂದಿರಿ?" ಎಂದು ಕೇಳಿದ್ದ. ಶ್ರೀರಂಗಪಟ್ಟಣಕ್ಕೆ ಯೇಸುಸಭೆಯ ಸ್ವಾಮಿಗಳು ಬಂದದ್ದು 17ನೇ ಶತಮಾನದಲ್ಲಿ ಎಂದು ನಾನು ಪಕ್ಕದಲ್ಲಿ ನಿಂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಜ್ಜಿ, "ನಾವು ಇಲ್ಲೇ ಅವ್ವಿ. ನೀನ್ ಯಾವಾಗ್ ಬಂದೆ ಮಗ? ಉಂಡಾ?" ಎಂದು ಕೇಳಿಬಿಟ್ಟಿದ್ದಳು. ಈ ಅಜ್ಜಿ ಮುಂದೆ ಮತ್ತೆ ಬರುತ್ತಾಳೆ. ಬರಬಾರದಿತ್ತು, ಕೆಂಪು ಇಂಕಿನಲ್ಲಿ ಹೋದವರಲ್ಲಿ ಅವಳೂ ಒಬ್ಬಳು.

ಗಂಡಿನ ಕಡೆಯವರು ಚನ್ನಪಟ್ಟಣದವರು. ಒಳ್ಳೆಯ ಜನ. ಕೇಕಿನ ಮೇಲೆ ಪ್ಲಾಸ್ಟಿಕ್ ಗೊಂಬೆ ಯಾಕೆ ಎಂದು ಹಾಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟ ಜೋಡಿಯೊಂದನ್ನು ಮಾಡಿಸಿ ಕಳಿಸಿದರು. ಗೊಂಬೆ ಮಾಡಿದವರು ತಮಗೆ ಚೆನ್ನಾಗಿ ಬರುವುದನ್ನೇ ಮಾಡಿದ್ದರು: ಗಂಡಿಗೆ ಮೈಸೂರು ಪೇಟ, ಗಿರಿಜಾ ಮೀಸೆ. ನಮ್ಮ ಅಳಿಯನಿಗೆ ಮೀಸೆಯೇ ಇಲ್ಲ. ಅವನು ಅದನ್ನು ನೋಡಿದಂದಿನಿಂದ ಬಿಡತೊಡಗಿದ್ದಾನೆ.

ಲಗ್ನಪತ್ರಿಕೆಯ ಕತೆ ಬೇರೆ. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿದೆಯಲ್ಲ, ಪತ್ರಿಕೆಯಲ್ಲಿ ಯಾವುದನ್ನು ಹಾಕಬೇಕು? ಬೀಗರು "ಸರ್ಕಾರಿ ಹೆಸರೇ ಇರಲಿ" ಅಂದರು. ಮಾಗಡಿಯಲ್ಲಿರುವ ನನ್ನ ಭಾವಮೈದ, "ಬೆಂಗಳೂರು ದಕ್ಷಿಣ ಅಂತ ಹಾಕಿದ್ರೆ ಅರ್ಧ ಜನ ಜಯನಗರಕ್ಕೆ ಹೋಗ್ತಾರೆ ಭಾವ" ಅಂದ. ಬರುವವರೇ ನೂರಿಪ್ಪತ್ತು, ಅದರಲ್ಲಿ ಅರವತ್ತು ಜಯನಗರಕ್ಕೆ ಹೋದರೆ ನನ್ನ ಸರಳತೆಗೆ ಒಳ್ಳೆಯದೇ. ಆದರೂ ಹಳೆಯ ಹೆಸರನ್ನೇ ಹಾಕಿಸಿದೆವು. ಸೀರೆಗೆಂದು ರಾಮನಗರಕ್ಕೆ ಹೋಗಿಬಂದದ್ದನ್ನು ಬರೆಯುವುದಿಲ್ಲ. ಏಷ್ಯಾದಲ್ಲೇ ದೊಡ್ಡದು ಎನ್ನುವ ಅಲ್ಲಿನ ಮಾರುಕಟ್ಟೆಯಲ್ಲಿ ಮಾರುವುದು ರೇಷ್ಮೆ ಗೂಡು, ಸೀರೆಯಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು ಎಂದಷ್ಟೇ ದಾಖಲಿಸುತ್ತೇನೆ.

ಫೋಟೋದವನ ಬಗ್ಗೆ ಮಾತ್ರ ನಗುತ್ತ ಬರೆಯಲು ಆಗುವುದಿಲ್ಲ. "ಶೋಲೆ ಬಂಡೆ ಮೇಲೆ ಪ್ರೀ-ವೆಡ್ಡಿಂಗ್ ಶೂಟ್ ಮಾಡೋಣ ಅಂಕಲ್, ಸಿಂಪಲ್ಲಾಗಿ, ಬರೀ ಡ್ರೋನು" ಅಂದ. ಅದು ರಾಮದೇವರ ಬೆಟ್ಟ, 2012ರಿಂದ ರಣಹದ್ದುಗಳ ಧಾಮ. ಅವುಗಳ ಪಾಡಿಗೆ ಅವಿರಲಿ ಅಂದೆ. ಹಾಗಾದರೆ ಪೂಜೆಯ ನಡುವೆ ಪೀಠದ ಮೇಲೆ ಹತ್ತಿ ಫಾದರ್ ಭುಜದ ಮೇಲಿಂದ ಒಂದು ಆಂಗಲ್ ತೆಗೆಯುತ್ತೇನೆ ಅಂದ. ಈಚೆಗೆ ಯಾವ ಮದುವೆಗೆ ಹೋದರೂ ಗಂಡುಹೆಣ್ಣು ಪ್ರತಿಜ್ಞೆ ಹೇಳುವುದು ದೇವರ ಕಡೆಗಲ್ಲ, ಒಬ್ಬರ ಕಡೆಗೊಬ್ಬರೂ ಅಲ್ಲ, ಈತನ ಬೆನ್ನಿಗೆ. ಜನ ನೋಡುವುದೂ ಅದನ್ನೇ.

ಇನ್ನು ತಾಳಿ. ಮಗಳು ಉಂಗುರ ಸಾಕು ಅಂದಳು. ನಮ್ಮಲ್ಲಿ ಶಿಲುಬೆ ಕೆತ್ತಿದ ತಾಳಿಯನ್ನು ಸ್ವಾಮಿಗಳು ಮಂತ್ರಿಸಿ ಕೊಡುವುದು, ಗಂಡು ಕಟ್ಟುವುದು ಅನೂಚಾನವಾಗಿ ಬಂದದ್ದು. ಮನೆಯವಳು ತಾಳಿಯೂ ಬೇಕು, ಅರಿಶಿನದ ದಾರವೂ ಬೇಕು ಅಂದಳು. ಆಗ ನಾನು ನನ್ನ ವಿದ್ವತ್ತನ್ನೆಲ್ಲ ಹೊರಗೆ ತೆಗೆದೆ. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಎಂಬಾತ ಪುದುಚೇರಿಯಲ್ಲಿ ಕೂತು ಮದುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆಲ್ಲ ಆಜ್ಞೆ ಹೊರಡಿಸಿದ್ದ: ತಾಳಿಯಲ್ಲಿ ಪಿಳ್ಳಾರಿ ಇರಕೂಡದು, ಶಿಲುಬೆಯೋ ಮಾತೆಯ ಚಿತ್ರವೋ ಇರಲಿ, ಅರಿಶಿನ ಹಚ್ಚಿದ ನೂರೆಂಟು ಎಳೆಯ ದಾರ ಬೇಡ, ಮದುವೆಯಲ್ಲಿ ಕಾಯಿ ಒಡೆದು ಶಕುನ ನೋಡಬೇಡಿ. ಸರಳ ವಿವಾಹ ಚಳವಳಿಯ ಆದಿಪುರುಷ ಅವನೇ ಎಂದು ವಾದಿಸಿದೆ. ಈ ಜಗಳ 1744ರಲ್ಲಿ ಹದಿನಾಲ್ಕನೇ ಬೆನೆಡಿಕ್ಟ್ ಪೋಪರ ಕಾಲದವರೆಗೂ ನಲವತ್ತು ವರ್ಷ ನಡೆಯಿತು ಎಂದೂ ಹೇಳಿದೆ. ಮನೆಯವಳು ಅವರೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿ, "ಆ ಸ್ವಾಮಿಗೆ ಹೆಣ್ಮಕ್ಕಳಿದ್ರಾ?" ಅಂದಳು. ದಾರ ತರಲು ನಾನೇ ಪೇಟೆಗೆ ಹೋದೆ.

ಇಷ್ಟೆಲ್ಲ ಆದಮೇಲೆ ಬಂತು, ಮೊದಲನೇ ಪ್ರಕಟಣೆಯ ಭಾನುವಾರ.

ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯಲ್ಲಿ ಗಂಡುಹೆಣ್ಣಿನ ಹೆಸರು ಕೂಗಿ, ಅಡ್ಡಿ ಇದ್ದವರು ತಿಳಿಸಿ ಎನ್ನುವ ಪದ್ಧತಿ ನಮ್ಮಲ್ಲಿದೆ. ಮದುವೆಗೆ ಮುಂಚೆ ಹೀಗೆ ಪ್ರಕಟಿಸಬೇಕೆನ್ನುವುದು 1215ರ ಲ್ಯಾಟರನ್ ಮಹಾಸಭೆಯೇ ಮಾಡಿದ ನಿಯಮ. ಸೋದರತ್ತೆ ಮಗಳು, ಸೋದರಮಾವ ಎಂದು ಒಳಗೊಳಗೇ ಕೊಟ್ಟು ತರುವ ನಮ್ಮ ಕಡೆ ಇದಕ್ಕೆ ಬೆಲೆಯೂ ಇದೆ. ರಕ್ತಸಂಬಂಧ ಹತ್ತಿರವಾದರೆ ಬಿಷಪ್ಪರ ಅನುಮತಿ ತರಬೇಕು. ಆದರೆ ನಾನು ಕಂಡಂತೆ ನಮ್ಮ ಚರ್ಚಿನಲ್ಲಿ ಯಾರೂ ಎದ್ದು ನಿಂತು ಅಡ್ಡಿ ಹೇಳಿದ್ದಿಲ್ಲ. ಹೇಳುವವರು ಮನೆಗೆ ಬಂದು ಕಾಫಿ ಕುಡಿದು ಹೇಳುತ್ತಾರೆ.

ಪ್ರಕಟಣೆ ಓದುವವನು ನಾನೇ. ಬಹಳ ವರ್ಷದಿಂದ ನಾನೇ. ಕಳೆದುಹೋದ ಕೊಡೆ, ನವೇನದ ಹರಕೆ, ತೇರಿನ ಚಂದಾ ಎಲ್ಲವೂ ನನ್ನ ಬಾಯಿಂದಲೇ ಬಂದಿವೆ. ಇಂದು ಸ್ವಂತ ಮಗಳ ಹೆಸರು. ಹಿಂದಿನ ರಾತ್ರಿ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದ್ದೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ತಲೆ ಎತ್ತಬೇಕು ಎಲ್ಲ ಗುರುತು ಹಾಕಿಕೊಂಡಿದ್ದೆ. ಕೆಂಪು ಸ್ಪಂಜಿನ ಮೈಕಿಗೆ ಬಾಯಿಟ್ಟು, ಹಾರೋಬೆಲೆಯವರು ಆಡುವ ಮಹಿಮೆ ನಾಟಕದಲ್ಲಿ ಪಿಲಾತ ತೀರ್ಪು ಓದುವ ಗತ್ತಿನಲ್ಲಿ ಶುರು ಮಾಡಿದೆ. "ಈ ವಿವಾಹಕ್ಕೆ ಏನಾದರೂ ಅಡ್ಡಿ ಇರುವುದು ಯಾರಿಗಾದರೂ ತಿಳಿದಿದ್ದಲ್ಲಿ, ವಿಚಾರಣಾ ಗುರುಗಳಿಗೆ ತಿಳಿಸತಕ್ಕದ್ದು." ಇಲ್ಲಿ ನನ್ನ ಗುರುತಿನ ಪ್ರಕಾರ ಒಂದು ದೀರ್ಘ ವಿರಾಮ. ಯಾಕೆ ಎಂದು ಕೇಳಬೇಡಿ. ಅಡ್ಡಿಯಿಲ್ಲ ಎಂಬುದು ಸಭೆಗೆ ಚೆನ್ನಾಗಿ ಇಳಿಯಲಿ ಅಂತ. ತಲೆ ಎತ್ತಿ ಎಡಗಡೆ ಹೆಂಗಸರ ಸಾಲು ನೋಡಿದೆ, ಬಲಗಡೆ ಗಂಡಸರ ಸಾಲು ನೋಡಿದೆ. ಫ್ಯಾನು ಕಟಕಟ ಅನ್ನುತ್ತಿತ್ತು. ಇನ್ನೇನು ಬಾಯಿ ತೆರೆಯಬೇಕು, ಹೆಂಗಸರ ಕಡೆಯಿಂದ ದನಿ ಬಂತು.

"ಅಡ್ಡಿ ಅದೆ."

ಗಾನವೃಂದದ ಹುಡುಗ ಬೆಚ್ಚಿಬಿದ್ದು ಅವನ ಮೊಣಕೈ ಕೀಬೋರ್ಡಿಗೆ ತಗುಲಿ ಡಣಕು ಡಣ ಎಂದು ತಾಳ ಶುರುವಾಯಿತು. ಅದನ್ನು ನಿಲ್ಲಿಸುವ ಗುಂಡಿ ಅವನಿಗೆ ಸಿಗಲಿಲ್ಲ. ಆ ತಾಳದ ಮೇಲೆಯೇ ಕೊನೇ ಬೀದಿ ಅಜ್ಜಿ ಸೆರಗು ಸರಿಮಾಡಿಕೊಂಡು, ಮುಂದಿನ ಬೆಂಚು ಹಿಡಿದು, ಒಂದು ಕಾಲೂರಿ, ಇನ್ನೊಂದು ಕಾಲೂರಿ ಎದ್ದಳು. ಎಲ್ಲರೂ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಆ ಅರ್ಧ ನಿಮಿಷದಲ್ಲಿ ನಮ್ಮ ಜನ ಅಳಿಯನಿಗೆ ಏನೇನು ಕಟ್ಟಿದರೋ! ಮೊದಲ ಹೆಂಡತಿ ಕಟ್ಟಿದರು, ಸಾಲ ಕಟ್ಟಿದರು, ಹಿಂದಿನ ಸಾಲಿನವರೊಬ್ಬರು ಮೂರ್ಛೆರೋಗವನ್ನೂ ಕಟ್ಟಿದರೆಂದು ಆಮೇಲೆ ತಿಳಿಯಿತು. ಬೀಗಿತ್ತಿ ಅಂದೇ ನಮ್ಮ ಚರ್ಚು ನೋಡಲು ಚನ್ನಪಟ್ಟಣದಿಂದ ಬಂದು ಮೂರನೇ ಬೆಂಚಿನಲ್ಲಿ ಕೂತಿದ್ದರು.

ಫಾದರ್ ಚಿಕ್ಕ ವಯಸ್ಸಿನವರು. ರೋಮಿನ ಕಾನೂನು ಓದಿದವರು. ವಿವಾಹ ರದ್ದಾಗುವ ಅಡ್ಡಿಗಳು 1983ರ ಸಂಹಿತೆಯಲ್ಲಿ 1083ರಿಂದ 1094ನೇ ವಿಧಿಯವರೆಗೆ ಸರಿಯಾಗಿ 12. ವಯಸ್ಸು ಸಾಲದು, ಮೊದಲೇ ಮದುವೆಯಾಗಿದೆ, ಹೊತ್ತೊಯ್ದು ತಂದಿದ್ದಾರೆ, ಇತ್ಯಾದಿ. ಅವರು ಹನ್ನೆರಡನ್ನೂ ಮನಸ್ಸಿನಲ್ಲೇ ಎಣಿಸಿಕೊಂಡು ಮೆಲ್ಲಗೆ, "ಏನಜ್ಜಿ ಅಡ್ಡಿ? ಪೂಜೆ ಆದ್ಮೇಲೆ ಒಳಗೆ ಬನ್ನಿ" ಅಂದರು.

"ಒಳ್ಗ್ಯಾಕೆ ಸ್ವಾಮ್ಯೋರೆ? ಇಲ್ಲೇ ಓದಿದ್ದು, ಇಲ್ಲೇ ಯೋಳ್ತೀನಿ. ಇವನ್ ಮದ್ವೇಲಿ ನಾನು ಹನ್ನೊಂದ್ ರೂಪಾಯಿ ಮುಯ್ಯಿ ಹಾಕಿವ್ನಿ. ಇವರಪ್ಪ ಸತ್ತಾಗ ಮೂರ್ ದಿನ ಇವರ ಮನೇಗೆ ಮುದ್ದೆ ಹೊತ್ತಿವ್ನಿ. ಈ ಮಗೀಗೆ ಜ್ಞಾನಸ್ನಾನ ಮಾಡ್ಸ್ದಾಗ ಎತ್ಕೊಂಡಿದ್ದೋಳು ನಾನು. ಈಗ ಊರಿಗೆ ಊಟ ಇಲ್ವಂತೆ, ಕನಕಪುರದಲ್ಲಿ ಹೋಟ್ಲಲ್ಲಂತೆ, ಚೀಟಿ ಇದ್ದೋರಿಗಂತೆ. ನಂಗ್ ಚೀಟಿ ಕೊಟ್ಟಿಲ್ಲ. ಇದು ಅಡ್ಡಿ ಅಲ್ವಾ?"

ಡಣಕು ಡಣ.

"ಅಜ್ಜಿ, ಇದು ಅಡ್ಡಿಯಲ್ಲ..."

"ಅಡ್ಡಿ ಇದ್ರೆ ಯೋಳಿ ಅಂತೀರಿ, ಯೋಳಿದ್ರೆ ಅಲ್ಲ ಅಂತೀರಿ" ಎಂದು ಅಜ್ಜಿ ಕೂತಳು. ಕೂರುವುದಕ್ಕೂ ಎದ್ದಷ್ಟೇ ಹೊತ್ತು ಹಿಡಿಯಿತು. ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿದರು; ಅದು ಕೆಮ್ಮಲ್ಲ ಎಂದು ಗೊತ್ತಾಗುವ ಹಾಗೆ ಕೆಮ್ಮಿದರು. ನಾನು ಮಾತ್ರ ಎದೆಗುಂದದೆ, ಮುಂದಿನ ಪ್ರಕಟಣೆಯನ್ನು ಅದೇ ಗತ್ತಿನಲ್ಲಿ ಓದಿ ಮುಗಿಸಿದೆ: "ಶುಕ್ರವಾರ ಬಡವರಿಗೆ ಅನ್ನದಾನವಿದೆ. ಎಲ್ಲರೂ ಉದಾರವಾಗಿ ಸಹಕರಿಸಬೇಕು." ಈ ಸಲ ಯಾರೂ ಕೆಮ್ಮುವ ಕಷ್ಟ ತೆಗೆದುಕೊಳ್ಳಲಿಲ್ಲ, ನೇರವಾಗಿ ನಕ್ಕರು. ಬೀಗಿತ್ತಿಯೂ ನಕ್ಕರು.

ಮಧ್ಯಾಹ್ನ ಅಟ್ಟದಿಂದ ಮುಯ್ಯಿ ಪುಸ್ತಕ ಇಳಿಸಿದೆ. ಅಪ್ಪನ ಕೈಬರಹ. ನನ್ನ ಮದುವೆಯ ಪುಟದಲ್ಲಿ ಅಜ್ಜಿಯ ಹೆಸರಿನ ಮುಂದೆ 11 ರೂಪಾಯಿ, ಒಂದು ಹಿತ್ತಾಳೆ ಚೊಂಬು. ಚೊಂಬನ್ನು ಅವಳು ಚರ್ಚಿನಲ್ಲಿ ಹೇಳಿರಲಿಲ್ಲ. ಹಾಗೇ ಪುಟ ತಿರುಗಿಸುತ್ತ ಹೋದರೆ ನಾನು ಕೆಂಪು ಇಂಕಿನಲ್ಲಿ ಹೊಡೆದ ಒಂದೊಂದು ಹೆಸರೂ ಅಲ್ಲಿತ್ತು, ನೀಲಿ ಇಂಕಿನಲ್ಲಿ. ಕೆಳಬೀದಿಯ ಗೌಡರ ಮನೆಯವರದು ಎರಡು ಪಲ್ಲ ಅಕ್ಕಿ, ಚಪ್ಪರಕ್ಕೆ ಬಾಳೆಕಂಬ.

ಆ ಹೊತ್ತಿಗೆ ನೆನಪಿಗೆ ಬಂದದ್ದು ಬೇರೊಬ್ಬಳು. ನಮ್ಮ ವಿನ್ಸೆಂಟ್ ದೆ ಪೌಲ್ ಸಭೆಗೆ ಹಿಂದೊಮ್ಮೆ ಒಬ್ಬ ವಿಧವೆ ಮಗಳ ಮದುವೆಗೆ ನೆರವು ಕೇಳಿ ಬಂದಿದ್ದಳು. ರೇಷ್ಮೆ ಬಿಚ್ಚಾಣಿಕೆಗೆ ಹೋಗುತ್ತಿದ್ದವಳು. ಬಿಸಿನೀರಿನಲ್ಲಿ ಗೂಡು ತಡವಿ ತಡವಿ ಬೆರಳ ತುದಿಯ ಚರ್ಮವೆಲ್ಲ ಬೆಳ್ಳಗೆ ಸುಲಿದಿತ್ತು. ನಾನು ಕಾರ್ಯದರ್ಶಿ. "ಯಾಕಮ್ಮ ಸಾಲ ಮಾಡ್ತೀಯ, ಸರಳವಾಗಿ ಮಾಡು" ಎಂದು ಬುದ್ಧಿ ಹೇಳಿದೆ. ಅವಳು ತಲೆ ತಗ್ಗಿಸಿಕೊಂಡೇ, "ಸರಳವಾಗೇ ಬದುಕ್ತಾ ಇದೀವಲ್ಲ ಸಾರ್, ಒಂದ್ ದಿನ..." ಎಂದು ನಿಲ್ಲಿಸಿದಳು. ನಾವು ಕೊಟ್ಟದ್ದು ಒಂದು ಮೂಟೆ ಅಕ್ಕಿ. ಅವಳು ಆ ಮದುವೆಗೆ ಸಭೆಯವರನ್ನೆಲ್ಲ ಮನೆಮನೆಗೆ ಬಂದು ಕರೆದಳು. ನಾವು ಹೋಗಿ ಉಂಡೆವು. ಅನ್ನ ಚೆನ್ನಾಗಿ ಅರಳಿತ್ತು. ಕಾಸಿದ್ದವನು ಕಮ್ಮಿ ಜನಕ್ಕೆ ಊಟ ಹಾಕಿದರೆ ಆದರ್ಶ ಅನ್ನುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಇಲ್ಲದವನು ಹಾಕದಿದ್ದರೆ ಅವನ ಮನೆ ಮುಂದೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ.

ಮನೆಯವಳು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, "ಕಾನಾ ಊರಿನ ಮದ್ವೇಲಿ ದ್ರಾಕ್ಷಾರಸ ಸಾಲದೇ ಹೋದಾಗ ಯೇಸುಸ್ವಾಮಿ ಏನ್ ಮಾಡಿದ್ರು? ಪಟ್ಟಿ ಕಮ್ಮಿ ಮಾಡಿ ಅಂದ್ರಾ?" ಅಂದಳು. ಜ್ಞಾನೋಪದೇಶದ ತರಗತಿ ತೆಗೆದುಕೊಳ್ಳುವವಳು ಅವಳು, ನಾನಲ್ಲ. ಆರು ಕಲ್ಲಿನ ಬಾನಿ, ಒಂದೊಂದಕ್ಕೂ ಎರಡು ಮೂರು ಅಳತೆ ಎಂದು ಬೈಬಲಿನಲ್ಲಿದೆ. ಇಂದಿನ ಲೆಕ್ಕದಲ್ಲಿ ಕಮ್ಮಿಯೆಂದರೂ ಹತ್ತಿರಹತ್ತಿರ ಐನೂರು ಲೀಟರು. ಒಂದು ಹಳ್ಳಿ ಮದುವೆಗೆ. ಸರಳತೆ ಆತನಿಗೂ ಕೈಹಿಡಿದಿರಲಿಲ್ಲ ಎಂದು ಸಮಾಧಾನವಾಯಿತು.

ಹೋಟೆಲಿನ ಮುಂಗಡ ವಾಪಸು ಬರಲಿಲ್ಲ. ಚರ್ಚಿನ ಹಿಂದಿನ ಮೈದಾನದಲ್ಲಿ ಚಪ್ಪರ ಎಂದಾಯಿತು. ಗೌಡರ ಮನೆಯಿಂದ ಬಾಳೆಕಂಬ ಈ ಸಲವೂ ಬರುತ್ತದಂತೆ, ಮಾಗಡಿ ಭಾವಮೈದ ಕುರಿ ನೋಡಲು ಹೋಗಿದ್ದಾನೆ, ಹಂದಿಯ ಸಾರು ಬೇಕೇ ಬೇಡವೇ ಎಂಬ ಬಗ್ಗೆ ಯುವಕ ಸಂಘದಲ್ಲಿ ಎರಡು ಬಣವಾಗಿದೆ. ಎರಡನೇ ಪ್ರಕಟಣೆಯನ್ನು ಫಾದರ್ ತಾವೇ ಓದಿದರು. "ಅಡ್ಡಿ ಇರುವುದು" ಎನ್ನುವಲ್ಲಿ ಉಸಿರು ಕೂಡ ತೆಗೆದುಕೊಳ್ಳದೆ ಓದಿ, ತಕ್ಷಣ ಗಾನವೃಂದಕ್ಕೆ ಕೈಸನ್ನೆ ಮಾಡಿದರು. ಮೂರನೇ ಭಾನುವಾರ ಅಕ್ಕಪಕ್ಕದ ಊರಿನವರೂ ಪೂಜೆಗೆ ಬಂದಿದ್ದರು. ನಮ್ಮ ಚರ್ಚಿನಲ್ಲಿ ಏನೋ ನಡೆಯುತ್ತದೆ ಎಂದು ಸುದ್ದಿಯಾಗಿತ್ತು. ಏನೂ ನಡೆಯಲಿಲ್ಲ. ಅಜ್ಜಿ ಮುಂದಿನ ಬೆಂಚಿನಲ್ಲೇ ಕೂತಿದ್ದಳು, ಮಡಿಲಲ್ಲಿ ಜಪಸರದ ಜೊತೆ ನಾನು ಕೊಟ್ಟ ಚೀಟಿ.

ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಬಿರಿಯಾನಿ ಅಂತಲ್ಲ ಮಗ?"

"ಹೌದಜ್ಜಿ."

"ನಂಗ್ ಹಲ್ಲಿಲ್ಲ. ಮುದ್ದೆ ಮಾಡ್ಸು."

ಅಡುಗೆಯವನಿಗೆ ಹೇಳಿದ್ದೇನೆ. ಅವನು, "ಮುದ್ದೆ ಎಷ್ಟು ಜನಕ್ಕೆ ಸಾರ್?" ಎಂದು ಕೇಳಿದ. ಹಲ್ಲಿಲ್ಲದವರ ಪಟ್ಟಿ ಬರೆಯುತ್ತ ಕೂತಿದ್ದೇನೆ.