ಬೊರಿವಲಿ ಪರಿಸರದಲ್ಲಿ ಸ್ಪೋರ್ಟ್ಸ್ ಕಾರಿನ ಚಕ್ರಶುದ್ಧಿ: ಒಂದು ಶಾಸನಿಕ, ಶಾಸ್ತ್ರೀಯ ಹಾಗೂ ಟೈರಾತ್ಮಕ ಅಧ್ಯಯನ

ಮುಂಬಯಿ ಕನ್ನಡಿಗರ ಮೇಲೆ ಇದುವರೆಗೆ ನಡೆದ ಸಂಶೋಧನೆಯೆಲ್ಲ ಹೋಟೆಲು, ರಾತ್ರಿಶಾಲೆ, ಯಕ್ಷಗಾನ, ಜಾತಿಸಂಘ ಇವುಗಳ ಸುತ್ತಲೇ ಗಿರಕಿ ಹೊಡೆದಿದೆ. ಅವರ ಕಾರಿನ ನಾಲ್ಕು ಚಕ್ರಗಳು ಪರಸ್ಪರ ಯಾವ ಕೋನದಲ್ಲಿ ನಿಂತಿವೆ ಎಂಬ ಮೂಲಭೂತ ಪ್ರಶ್ನೆಯನ್ನು, ಅಂದರೆ ವೀಲ್ ಅಲೈನ್‌ಮೆಂಟನ್ನು, ಯಾವ ವಿದ್ವಾಂಸರೂ ಎತ್ತಿಕೊಂಡಂತಿಲ್ಲ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಘನೋದ್ದೇಶ. ಅಧ್ಯಯನದ ವ್ಯಾಪ್ತಿ ಹೀಗಿದೆ: ಪೂರ್ವಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ, ಪಶ್ಚಿಮಕ್ಕೆ ಗೊರಾಯಿ ಖಾಡಿ, ಉತ್ತರಕ್ಕೆ ದಹಿಸರ್, ದಕ್ಷಿಣಕ್ಕೆ ಟ್ರಾಫಿಕ್ ಬಿಟ್ಟಷ್ಟು ದೂರ. ಮುಖ್ಯ ಮಾಹಿತಿದಾರರು ಉಡುಪಿ ಕಡೆಯ ಒಬ್ಬ ಹೋಟೆಲ್ ಧಣಿ, ಎರಡೇ ಸೀಟಿನ ಹಳದಿ ಜರ್ಮನ್ ಕಾರಿನ ಒಡೆಯರು. ಹೆಸರು ಹಾಕಬೇಡಿ ಎಂದಿದ್ದಾರೆ. ಕಾರಿನ ಬೆಲೆ ಎಷ್ಟೆಂದು ಅವರ ಮನೆಯವರಿಗೆ ಇನ್ನೂ ಪೂರ್ತಿ ಗೊತ್ತಿಲ್ಲ.

ಮೊದಲು ಶಾಸನಾಧಾರ. ಶಾಸನವಿಲ್ಲದೆ ಕನ್ನಡದಲ್ಲಿ ಪ್ರಬಂಧ ಶುರುವಾಗುವುದುಂಟೆ? ಈ ವಿಷಯದಲ್ಲಿ ಬೊರಿವಲಿಗೆ ಬಡತನವಿಲ್ಲ. ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ಸಾಕ್ಷಾತ್ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ. ಅವನ ಸಾಮಂತರಾದ ಶಿಲಾಹಾರರು ಆಗ ಈ ಕೊಂಕಣವನ್ನು ಆಳುತ್ತಿದ್ದರು. ಗುಹೆಯ ದುರಸ್ತಿಗೆ, ಭಿಕ್ಷುಗಳ ವಸ್ತ್ರಕ್ಕೆ, ಪುಸ್ತಕಕ್ಕೆ ದತ್ತಿ ಬಿಟ್ಟ ವಿವರ ಅಲ್ಲಿ ಸಿಗುತ್ತದೆ. ರಸ್ತೆ ದುರಸ್ತಿಗೆ ಚಿಕ್ಕಾಸು ಬಿಟ್ಟ ಪ್ರಸ್ತಾಪ ನಮ್ಮ ಕಣ್ಣಿಗೆ ಬಿದ್ದಿಲ್ಲ. ಈ ಪರಂಪರೆ ಅವಿಚ್ಛಿನ್ನವಾಗಿದೆ ಎಂಬುದನ್ನು ಪ್ರತಿ ಜುಲೈ ತಿಂಗಳು ದೃಢಪಡಿಸುತ್ತದೆ. ಅದೇ ದೊರೆಯ ಆಸ್ಥಾನದಿಂದ ಬಂದ ‘ಕವಿರಾಜಮಾರ್ಗ’ ದಕ್ಷಿಣ ಮಾರ್ಗ, ಉತ್ತರ ಮಾರ್ಗಗಳ ಭೇದವನ್ನು ಚರ್ಚಿಸುತ್ತದಷ್ಟೆ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಆ ಭೇದ ಇಂದಿಗೂ ಜೀವಂತ: ಬೆಳಗ್ಗೆ ದಕ್ಷಿಣ ಮಾರ್ಗ ನಿಂತಿರುತ್ತದೆ, ಸಂಜೆ ಉತ್ತರ ಮಾರ್ಗ.

ಎರಡನೆಯ ಆಧಾರ ಬೊರಿವಲಿಯದೇ ಆದ ಎಕ್ಸರ್‌ನ ವೀರಗಲ್ಲುಗಳು. ಶಿಲಾಹಾರ ಸೋಮೇಶ್ವರನಿಗೂ ಯಾದವ ಮಹಾದೇವನಿಗೂ 13ನೆಯ ಶತಮಾನದಲ್ಲಿ ನಡೆದ ಕಾಳಗದ ನೆನಪು ಇವು ಎಂಬುದು ಹೆಚ್ಚಿನವರ ಅಭಿಪ್ರಾಯ. ಅವುಗಳಲ್ಲಿ ಹಡಗುಗಳ ಸಾಲು, ಹಡಗಿನ ಪಕ್ಕದಲ್ಲಿ ಹುಟ್ಟುಗಳ ಸಾಲು. ಹಡಗಿಗೆ ಚಕ್ರವಿಲ್ಲ, ಆದ್ದರಿಂದ ಇದು ನಮ್ಮ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಬೊರಿವಲಿಯಲ್ಲಿ ಅಲೈನ್‌ಮೆಂಟ್ ಸರಿಯಾಗಿ ಬಂದಿರುವ ಸಾಲು ಬೇರೆಲ್ಲೂ ಸಿಗದ ಕಾರಣ ಉಲ್ಲೇಖಿಸದೆ ವಿಧಿಯಿಲ್ಲ.

ಇನ್ನು ಶಾಸ್ತ್ರ. ವ್ಯಾಕರಣಕ್ಕೆ ಮುನಿತ್ರಯರು ಹೇಗೋ ಚಕ್ರಶುದ್ಧಿಗೆ ಕ್ಯಾಂಬರ್, ಕ್ಯಾಸ್ಟರ್, ಟೋ ಹಾಗೆ. ಕಾರಿನ ಎದುರು ನಿಂತು ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಸ್ಪೋರ್ಟ್ಸ್ ಕಾರಿನಲ್ಲಿ ಚಕ್ರದ ತಲೆ ಒಳಕ್ಕೆ ವಾಲಿರುವುದು ದೋಷವಲ್ಲ, ಗುಣ; ತಿರುವಿನಲ್ಲಿ ಕಾರು ಹೊರಗಡೆಗೆ ಓಲಿದಾಗ ಆ ಬದಿಯ ಟೈರು ನೆಲಕ್ಕೆ ಪೂರ್ತಿ ಕೂರಲಿ ಎಂದು ಬೇಕೆಂದೇ ಹಾಗಿಟ್ಟಿರುತ್ತಾರೆ. ಸೊಸೈಟಿಯ ವಾಚ್‌ಮನ್ ಮಾತ್ರ ದಿನಾ ಸಂತಾಪ ಸೂಚಿಸುತ್ತಾನೆ: ‘ಸೇಠ್, ಪೈಯಾ ಟೇಢಾ ಹೈ.’ ಪಕ್ಕದಿಂದ ನೋಡಿದಾಗ ಸ್ಟಿಯರಿಂಗಿನ ಅಕ್ಷ ಹಿಂದಕ್ಕೆ ಓರೆಯಾಗಿರುವುದು ಕ್ಯಾಸ್ಟರ್. ತಿರುಗಿಸಿ ಕೈಬಿಟ್ಟ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದರಲ್ಲಿ ಇದರ ಪಾಲು ದೊಡ್ಡದು. ಮೇಲಿನಿಂದ ನೋಡಿದಾಗ ಚಕ್ರಗಳು ಒಂದರ ಕಡೆಗೊಂದು ಮುಖ ಮಾಡಿವೆಯೋ ಮುನಿಸಿಕೊಂಡಿವೆಯೋ ಎಂಬುದು ಟೋ.

ಮೂವರಲ್ಲಿ ದುಬಾರಿ ಮುನಿ ಟೋ. ಇದನ್ನು ಅಳೆಯುವುದು ಸಾಮಾನ್ಯವಾಗಿ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲಾದ ಮಿನಿಟಿನಲ್ಲಿ. ಒಂದು ಚಕ್ರ ಇರಬೇಕಾದ ದಿಕ್ಕಿಗಿಂತ 10 ಮಿನಿಟು ಓರೆಯಾಗಿದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 2.9 ಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ಬೊರಿವಲಿಯಿಂದ ಚರ್ಚ್‌ಗೇಟಿಗೆ ರೈಲು ಹಾದಿ ಸುಮಾರು 34 ಕಿ.ಮೀ.; ಅಷ್ಟು ದೂರ ಕಾರು ಓಡಿಸಿದರೆ ಟೈರನ್ನು ಹತ್ತಿರಹತ್ತಿರ 100 ಮೀಟರ್ ಅಡ್ಡಡ್ಡ ಎಳೆದ ಲೆಕ್ಕ. ಲೋಕಲ್ ರೈಲಿನಲ್ಲಿ ಹೋದರೆ ಅಡ್ಡಡ್ಡ ಎಳೆಸಿಕೊಳ್ಳುವುದು ಪ್ರಯಾಣಿಕ. ಎರಡರಲ್ಲಿ ಯಾವುದು ಅಗ್ಗ ಎಂಬುದನ್ನು ಅರ್ಥಶಾಸ್ತ್ರಜ್ಞರಿಗೆ ಬಿಟ್ಟಿದ್ದೇನೆ.

ಕ್ಷೇತ್ರಕಾರ್ಯಕ್ಕೆ ಬರೋಣ. ಧಣಿಗಳೊಡನೆ ನಾನು ಹೋದ ಅಂಗಡಿಯ ಹೆಸರು ಅಪ್ರಸ್ತುತ. ಕಾರಿನ ಮೂತಿ ರ‍್ಯಾಂಪಿಗೆ ತಗಲುತ್ತದೆಂದು ಮೊದಲು ಎರಡು ಹಲಗೆ ಬಂದವು, ಸಾಲದೆಂದು ಇನ್ನೆರಡು. ಹುಡುಗ ಮುಂದೆ ನಿಂತು ಎರಡೂ ಕೈಯಲ್ಲಿ ‘ಆನೇ ದೋ, ಆನೇ ದೋ’ ಎನ್ನುತ್ತಿದ್ದರೆ ಧಣಿಗಳು ಉಸಿರು ಬಿಗಿಹಿಡಿದು ‘ಎಂತ ಮಾರಾಯ್ರೆ, ಅಡಿ ತಾಗ್ತದಾ ನೋಡಿ’ ಎಂದರು. ನಾಲ್ಕೂ ಚಕ್ರಕ್ಕೆ ಫಲಕ ಹೊತ್ತ ಕ್ಲಾಂಪು ಬಿಗಿದರು. ಎದುರಿನ ಕ್ಯಾಮೆರಾಗಳು ಫಲಕ ಗುರುತಿಸಲೆಂದು ಕಾರನ್ನು ತುಸು ಹಿಂದಕ್ಕೂ ಮುಂದಕ್ಕೂ ತಳ್ಳಿದರು. ಸ್ಟಿಯರಿಂಗಿಗೆ ಲಾಕು, ಬ್ರೇಕಿಗೆ ಕೋಲು. ಅಂಗಡಿಯ ಉಸ್ತಾದ್ ರ‍್ಯಾಂಪಿನಡಿಯ ಗುಂಡಿಗಿಳಿದ. ಅವನ ಅರ್ಧ ಕುಡಿದ ಕಟಿಂಗ್ ಚಹಾದ ಗ್ಲಾಸು ರ‍್ಯಾಂಪಿನ ಅಂಚಿನಲ್ಲಿ ಕೂತಿತ್ತು. ಲಾಕ್‌ನಟ್ ಸಡಿಲಿಸಿ ಟೈ-ರಾಡಿಗೆ ಪಾನಾ ಹಾಕಿ ಕಾಲು ಸುತ್ತು ತಿರುಗಿಸಿದ ಕೂಡಲೇ ಪರದೆಯ ಮೇಲಿನ ಕೆಂಪು ಅಂಕಿ ಹಸಿರಾಯಿತು. ‘ಹೋ ಗಯಾ ಸಾಬ್. ಗ್ರೀನ್ ಆ ಗಯಾ.’

ಇದು ಪೂರ್ವಪಕ್ಷ. ಹಸಿರೇ ಪ್ರಮಾಣ ಎನ್ನುವ ಈ ಹರಿತವಾದಿಗಳ ಸಂಖ್ಯೆ ಬೊರಿವಲಿಯಲ್ಲಿ ದೊಡ್ಡದು. ಸಿದ್ಧಾಂತಿಯ ಪ್ರಶ್ನೆ ಒಂದೇ: ಯಾವ ಕಾರಿನ ಹಸಿರು? ಪರದೆಯ ಮೂಲೆಯಲ್ಲಿ ಬರೆದಿದ್ದ ಹೆಸರನ್ನು ನಾನು ಕನ್ನಡಕ ಏರಿಸಿ ಓದಿದೆ. ಅದು ಮಕ್ಕಳನ್ನು ಸ್ಕೂಲಿಗೆ ಬಿಡುವ ಒಂದು ಜನಪ್ರಿಯ ಹ್ಯಾಚ್‌ಬ್ಯಾಕಿನ ಹೆಸರು. ಯಂತ್ರದ ಪಟ್ಟಿಯಲ್ಲಿ ನಮ್ಮ ಮಾಡೆಲ್ ಇರಲಿಲ್ಲವಂತೆ, ‘ಸಬ್ ಕಾ ಸೇಮ್ ಹೋತಾ ಹೈ’ ಅಂತೆ. ಅನ್ಯ ಗ್ರಂಥದ ಪಾಠವನ್ನು ಮೂಲಪ್ರತಿಗೆ ಸೇರಿಸುವುದನ್ನು ಗ್ರಂಥಸಂಪಾದನೆಯಲ್ಲಿ ಪ್ರಕ್ಷಿಪ್ತ ಎನ್ನುತ್ತಾರೆ. ಇಲ್ಲಿ ಅದಕ್ಕೆ ರಸೀದಿಯನ್ನೂ ಕೊಡುತ್ತಾರೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಹಿಂದಿನ ಚಕ್ರಗಳನ್ನು ಯಾರೂ ಮುಟ್ಟಲೇ ಇಲ್ಲ. ನಮ್ಮಲ್ಲಿ ಓಡುವ ಬಹುಪಾಲು ಸಣ್ಣ ಕಾರುಗಳ ಹಿಂಬದಿಯಲ್ಲಿ ತಿರುಚು ತೊಲೆ (ಟಾರ್ಷನ್ ಬೀಮ್) ಇರುತ್ತದೆ, ಹೊಂದಿಸಲು ಏನೂ ಇರುವುದಿಲ್ಲ. ಹಾಗಾಗಿ ಹುಡುಗರ ಕೈ ಮುಂದಿನ ಟೋ ಆಚೆಗೆ ಹೋಗುವುದನ್ನೇ ಮರೆತಿದೆ. ಸ್ಪೋರ್ಟ್ಸ್ ಕಾರಿನಲ್ಲಿ ಹಾಗಲ್ಲ, ಹಿಂದೆಯೂ ಕ್ಯಾಂಬರ್, ಟೋ ಎರಡನ್ನೂ ಹೊಂದಿಸಬಹುದು. ಹಿಂದಿನ ಚಕ್ರಗಳು ಎತ್ತ ನೂಕುತ್ತವೋ ಕಾರು ಅತ್ತ ಹೋಗುತ್ತದೆ. ಅದನ್ನು ಬಿಟ್ಟು ಮುಂದಿನದನ್ನು ಮಾತ್ರ ಸರಿಮಾಡಿದರೆ ಕಾರು ಏಡಿಯ ನಡೆ ನಡೆಯುತ್ತದೆ, ಸ್ಟಿಯರಿಂಗ್ ಓರೆಯಾಗಿ ಹಿಡಿದರೇ ನೇರ. ಆದ್ದರಿಂದ ಕ್ರಮ ಇದು: ಮೊದಲು ಟೈರಿನ ಗಾಳಿ, ಆಮೇಲೆ ಬುಶ್ಶು, ಬಾಲ್‌ಜಾಯಿಂಟುಗಳಲ್ಲಿ ಆಟವಿದೆಯೇ ಎಂಬ ಪರೀಕ್ಷೆ, ಅನಂತರ ಹಿಂದಿನ ಚಕ್ರ, ಕೊನೆಗೆ ಮುಂದಿನದು. ಬುಶ್ ಹೋದ ಕಾರಿಗೆ ಅಲೈನ್‌ಮೆಂಟ್ ಮಾಡಿಸುವುದು ದುಡ್ಡು ದಂಡ.

ತೂಕದ ಬಗ್ಗೆ ಪಾಠಾಂತರಗಳಿವೆ. ರೇಸ್ ತಂಡದವರು ಚಾಲಕನಷ್ಟೇ ಭಾರವನ್ನು ಸೀಟಿನ ಮೇಲಿಟ್ಟು ಕೋನ ಅಳೆಯುತ್ತಾರೆ. ಇದನ್ನು ಕೇಳಿದ ಧಣಿಗಳು ತಾವೇ ಕೂತರು. ಮೀನೂಟಕ್ಕೆ ಮೊದಲಿನ ತೂಕವೋ ನಂತರದ್ದೋ ಎಂಬ ಪ್ರಶ್ನೆಗೆ ಒಮ್ಮತ ಮೂಡಲಿಲ್ಲ. ಅದೇ ರೇಸಿನವರಲ್ಲಿ ಹಲವರು ಕ್ಯಾಮೆರಾ ಯಂತ್ರವನ್ನು ನೆಚ್ಚದೆ ಕಾರಿನ ಇಕ್ಕೆಲಕ್ಕೂ ಸಮಾಂತರವಾಗಿ ದಾರ ಕಟ್ಟಿ ಸ್ಕೇಲಿನಿಂದ ಅಳೆಯುತ್ತಾರೆ ಎಂದಾಗ ಉಸ್ತಾದ್ ನಕ್ಕ. ಗುಂಡಿಯೊಳಗಿಂದ ಬಂದ ಆ ನಗುವಿನಲ್ಲಿ ಸಮ್ಮತಿ ಇತ್ತೆಂದು ನನ್ನ ಅಂದಾಜು.

ಪ್ರಯೋಗಪರೀಕ್ಷೆ ಲಿಂಕ್ ರೋಡಿನಲ್ಲಿ, ಮೆಟ್ರೊ ಕಂಬಗಳ ಸಾಕ್ಷಿಯಲ್ಲಿ ನಡೆಯಿತು. ಕಾರು ತುಸು ಎಡಕ್ಕೆ ಎಳೆಯಿತು. ಇದಕ್ಕಾಗಿ ಉಸ್ತಾದನನ್ನು ಬೈಯುವುದು ಅಶಾಸ್ತ್ರೀಯ. ಮಳೆನೀರು ಹರಿದುಹೋಗಲೆಂದು ರಸ್ತೆಯೇ ಅಂಚಿನ ಕಡೆ ಇಳಿಜಾರಾಗಿರುತ್ತದೆ. ಕಾರಿನ ಹೊಟ್ಟೆ ನೆಲದಿಂದ ಹೆಚ್ಚೆಂದರೆ ಹನ್ನೆರಡು ಸೆಂಟಿಮೀಟರ್. ರಸ್ತೆ ಉಬ್ಬಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿರುವ ಅಳತೆ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರ. ಆ ಲೆಕ್ಕದಲ್ಲಿ ಕಾರು ದಾಟಬೇಕು. ಆದರೆ ಸೊಸೈಟಿಗಳ ಗೇಟಿನೆದುರು ಕಾರ್ಯದರ್ಶಿಗಳು ಸ್ವಂತ ಸಿಮೆಂಟಿನಲ್ಲಿ ರಚಿಸಿರುವ ಉಬ್ಬುಗಳು ಯಾವ ಕಾಂಗ್ರೆಸ್ಸಿಗೂ ಸೇರಿದವಲ್ಲ. ಕಿತ್ತೆದ್ದ ಒಂದೇ ಒಂದು ಪೇವರ್ ಬ್ಲಾಕ್ ಸಾಕು, ತೆಳ್ಳನೆಯ ಟೈರಿನ ಮೂಲಕ ಏಟು ನೇರ ರಿಮ್ಮಿಗೆ ಬಿದ್ದು ಸೊಗಸಾಗಿ ಹೊಂದಿಸಿದ ಟೋ ಮತ್ತೆ ಮುನಿಸಿಕೊಳ್ಳುತ್ತದೆ.

ಆದಕಾರಣ ಸ್ಪೋರ್ಟ್ಸ್ ಕಾರುಳ್ಳ ಸಹೃದಯರಲ್ಲಿ ವಿನಂತಿ: ಮಳೆ ಮುಗಿಯುವ ಅಕ್ಟೋಬರ್ ವರೆಗೆ ಕಾಯಿರಿ. ನಿಮ್ಮ ಕಾರಿನ ಕಂಪನಿ ಕೊಟ್ಟ ಅಂಕಿಗಳನ್ನು ಚೀಟಿಯಲ್ಲಿ ಬರೆದು ಒಯ್ಯಿರಿ, ಪರದೆಯ ಮೂಲೆಯಲ್ಲಿ ಯಾವ ಕಾರಿನ ಹೆಸರಿದೆ ಎಂದು ಓದಿರಿ, ಕೆಲಸಕ್ಕೆ ಮುಂಚಿನದೊಂದು, ನಂತರದ್ದೊಂದು ಪ್ರಿಂಟ್ ಕೇಳಿ ಪಡೆಯಿರಿ. ಪ್ರಿಂಟರ್ ಕೆಟ್ಟಿದೆ ಎಂದರೆ ಹಲಗೆ ಹಾಕಿಸಿಕೊಂಡು ಕಾರನ್ನು ಕೆಳಗಿಳಿಸಿ, ಮುಂದಿನ ಅಂಗಡಿಗೆ ನಡೆಯಿರಿ.